ಮಂತ್ರಿಯಾದ ಮಹಮೂದ್ ಗವಾನನ ಚರಿತ್ರೆ

ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರ ಪಟ್ಟಣಕ್ಕೆ ಹೋದವರು ಅಲ್ಲಿ ಅರ್ಧ ಕುಸಿದಿರುವ ದೊಡ್ಡ ಮದರಸವನ್ನು ಕಂಡಿರಬಹುದು. ಅದರ ಒಂದು ಮಿನಾರು ಈಗಲೂ ನಿಂತಿದೆ. ಬಣ್ಣದ ಹೆಂಚುಗಳು ಗೋಡೆಯ ಮೇಲೆ ಅಲ್ಲಲ್ಲಿ ಉಳಿದಿವೆ. 1472ರಲ್ಲಿ ಅದನ್ನು ಕಟ್ಟಿಸಿದವನು ಮಹಮೂದ್ ಗವಾನನು. ಜನರು ಸತ್ಯಕ್ಕೆ ಯಾಕೆ ಅಂಜುತ್ತಾರೆಂಬುದು ಆತನ ಚರಿತ್ರೆಯಿಂದ ಚೆನ್ನಾಗಿ ತಿಳಿಯುತ್ತದೆ.

ಈತನು ಪಾರಸೀಕ ದೇಶದ ಗಿಲಾನ್ ಸೀಮೆಯವನು. ಸುಮಾರು 1453ರಲ್ಲಿ, 40 ವರುಷ ದಾಟಿದ ಪ್ರಾಯದಲ್ಲಿ, ವರ್ತಕನಾಗಿ ಬೀದರಿಗೆ ಬಂದನು. ಅಲ್ಲಿ ಆಳುತ್ತಿದ್ದ ಬಹಮನಿ ಸುಲ್ತಾನನು ಆತನ ವಿದ್ಯೆಯನ್ನು ಮೆಚ್ಚಿ ಆಸ್ಥಾನದಲ್ಲಿ ಇರಿಸಿಕೊಂಡನು. ಬಳಿಕ ಮೂರನೆಯ ಮುಹಮ್ಮದ್ ಶಾಹನ ಕಾಲದಲ್ಲಿ ಆತನೇ ಪ್ರಧಾನ ಮಂತ್ರಿಯಾಗಿ ಗೋವೆಯನ್ನು ಗೆದ್ದುಕೊಟ್ಟನು. ಇಷ್ಟು ಅಧಿಕಾರವಿದ್ದರೂ ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದು ಚರಿತ್ರಕಾರರು ಬರೆದಿದ್ದಾರೆ.

ಆ ಕಾಲದಲ್ಲಿ ರಾಜ್ಯವು 4 ಪ್ರಾಂತಗಳಾಗಿತ್ತು. ಒಬ್ಬೊಬ್ಬ ಅಧಿಪತಿಯೂ ಅನೇಕ ಕೋಟೆಗಳನ್ನು ಹಿಡಿದುಕೊಂಡು ತಾನೇ ಅರಸನೆಂಬಂತೆ ನಡೆಯುತ್ತಿದ್ದನು. ಗವಾನನು ಅವುಗಳನ್ನು 8 ಪ್ರಾಂತಗಳಾಗಿ ವಿಂಗಡಿಸಿ, ಒಬ್ಬ ಅಧಿಪತಿಗೆ ಒಂದೇ ಕೋಟೆಯೆಂದು ಕಟ್ಟಳೆ ಮಾಡಿದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. ಸರದಾರರು ಲೆಕ್ಕಕ್ಕಿಂತ ಕಡಿಮೆ ಸೈನಿಕರನ್ನು ಇಟ್ಟುಕೊಂಡರೆ ಅಷ್ಟು ಹಣವನ್ನು ಕಡಿಸಿದನು. ಹೀಗಿರಲಾಗಿ ಅನೇಕ ಸರದಾರರು ಕಳವಳಗೊಂಡರು. ಹೊಲವನ್ನು ಅಳೆದು ದಂಡನ್ನು ಎಣಿಸಿದರೆ ಮರೆಯಲ್ಲಿದ್ದದ್ದು ಬೈಲಿಗೆ ಬರುವದೆಂದು ಅವರು ಅಂಜಿದರು. ತಮ್ಮ ನಡತೆಯನ್ನು ತಿದ್ದಿಕೊಳ್ಳುವದಕ್ಕಿಂತ ಲೆಕ್ಕ ಕೇಳುವವನನ್ನು ಕೊಲ್ಲಿಸುವದೇ ಅವರಿಗೆ ಸುಲಭವಾಗಿ ತೋರಿತು.

ಅವರು ಗವಾನನ ಮುದ್ರೆಯನ್ನು ಕಾಯುವ ಸೇವಕನನ್ನು ಮರುಳುಗೊಳಿಸಿ ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಒರಿಸ್ಸದ ಅರಸನು ದಂಡೆತ್ತಿ ಬರಲೆಂದು ಮಂತ್ರಿಯೇ ಕರೆದ ಹಾಗೆ ಅದರಲ್ಲಿ ಬರೆದು, ಮದ್ಯದ ಮತ್ತಿನಲ್ಲಿದ್ದ ಸುಲ್ತಾನನಿಗೆ ತೋರಿಸಿದರು. ಸುಲ್ತಾನನು ಆಗ ಆಂಧ್ರದ ಕೊಂಡಪಲ್ಲಿಯ ಪಾಳೆಯದಲ್ಲಿದ್ದನು. ಓಡಿಹೋಗೆಂದು ಸ್ನೇಹಿತರು ಬುದ್ಧಿ ಹೇಳಿದರೂ ಗವಾನನು ಕೇಳದೆ ಅರಸನ ಮುಂದೆ ನಿಂತನು. ಮುದ್ರೆಯು ತನ್ನದೇ, ಬರಹವು ತನ್ನದಲ್ಲವೆಂದು ಅರಿಕೆಮಾಡಿದನು. ಆ ಪತ್ರವನ್ನು ಬರೆದವರು ಯಾರೆಂದು ಸುಲ್ತಾನನು ವಿಚಾರಿಸಲಿಲ್ಲ. 1481ನೇ ಏಪ್ರಿಲ್ 5ರಂದು ಆ ವೃದ್ಧನ ತಲೆಯನ್ನು ಹೊಡಿಸಿದನು.

ಆಮೇಲೆ ಮಂತ್ರಿಯ ಭಂಡಾರವನ್ನು ಶೋಧಿಸಲು ಅಲ್ಪ ಹಣವೇ ಸಿಕ್ಕಿತು. ಸುಲ್ತಾನನಿಗೆ ನಿಜವು ತಿಳಿಯಿತು; ಆದರೆ ಹೋದ ಪ್ರಾಣವು ತಿರಿಗಿ ಬರಲಿಲ್ಲ. ಪಶ್ಚಾತ್ತಾಪದಿಂದ ಕೊರಗಿ, ವರುಷ ತುಂಬುವದರೊಳಗೆ, 1482ರಲ್ಲಿ ಆತನೂ ಸತ್ತನು. ಕೆಲವು ದಶಕಗಳಲ್ಲಿ ಆ ದೊಡ್ಡ ರಾಜ್ಯವು ಬಿಜಾಪುರ, ಅಹಮದನಗರ, ಬೇರಾರ, ಗೋಲ್ಕೊಂಡ, ಬೀದರ ಎಂದು ಐದು ಪಾಲಾಗಿ ಒಡೆಯಿತು.

ವಾಚಕರೇ, ಸರದಾರರು ಸತ್ಯವನ್ನು ಬಲ್ಲವರಾಗಿ ಅದಕ್ಕೆ ಅಂಜಿದರು. ಅರಸನು ಅದನ್ನು ಅರಿಯದೆಯೂ ವಿಚಾರಿಸದೆಯೂ ಹೋದನು. ಅವರ ಭಯವು ಬಲೆಯನ್ನು ಹೆಣೆಯಿತು, ಇವನ ಅಜ್ಞಾನವು ಅದರಲ್ಲಿ ಬಿತ್ತು. ನಮ್ಮ ಹಳ್ಳಿಗಳಲ್ಲಿಯೂ ಲೆಕ್ಕ ಕೇಳಿದವನ ಮೇಲೆ, ಹಳೇ ತಪ್ಪನ್ನು ತೋರಿಸಿದವನ ಮೇಲೆ, ಬೇಗನೆ ಅಪವಾದ ಹುಟ್ಟುತ್ತದೆ. ಅಂಥ ಮಾತು ನಮ್ಮ ಕಿವಿಗೆ ಬಿದ್ದಾಗ, ಇದನ್ನು ಬರೆದವನು ಯಾರು, ಇದರಿಂದ ಯಾರಿಗೆ ಲಾಭ ಎಂದು ಮೊದಲು ವಿಚಾರಿಸೋಣ. ಆ ಒಂದು ವಿಚಾರಣೆ ಇಲ್ಲದೆ ಹೋದದ್ದರಿಂದಲೇ ಬೀದರವು ತನ್ನ ಶ್ರೇಷ್ಠ ಮಂತ್ರಿಯನ್ನು ಕಳಕೊಂಡಿತು.