ಕೀಲಿ ಕೊಡುವ ಗುಂಡಿಯನ್ನೇ ಕೈಬಿಟ್ಟ ಜಾನ್ ಹಾರ್ವುಡ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಎರೆಮಣ್ಣಿನ ಧೂಳು ಕೈಗಡಿಯಾರಕ್ಕೆ ಶತ್ರು. ಇಂಥದೇ ಧೂಳು, ತೇವಗಳ ಕಾಟಕ್ಕೆ ಪರಿಹಾರ ಹುಡುಕುತ್ತ ಸ್ವಯಂಚಾಲಿತ ಕೈಗಡಿಯಾರ ರೂಪಿಸಿದವರು ಇಂಗ್ಲೆಂಡಿನ ಜಾನ್ ಹಾರ್ವುಡ್.

1893ರಲ್ಲಿ ಬೋಲ್ಟನ್‌ನಲ್ಲಿ ಜನಿಸಿದ ಅವರ ವೃತ್ತಿ ಗಡಿಯಾರ ದುರಸ್ತಿ. ಮೊದಲ ಮಹಾಯುದ್ಧದಲ್ಲಿಯೂ ಸೇವೆ ಸಲ್ಲಿಸಿದ್ದರು. ಕೀಲಿ ಕೊಡುವ ಗುಂಡಿಯ ಸಂದಿಯಿಂದಲೇ ಧೂಳು ಒಳನುಗ್ಗುವುದನ್ನು ಅರಿತು, ಗುಂಡಿಯನ್ನೇ ಕೈಬಿಟ್ಟರು. ಕೈಯ ಚಲನೆಗೆ ಓಲಾಡುವ ತೂಕವೊಂದು ಸ್ಪ್ರಿಂಗನ್ನು ಸುತ್ತುವಂತೆ ಮಾಡಿದರು. ಮುಳ್ಳು ಸರಿಪಡಿಸಲು ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸಿದರಾಯಿತು. 1924ರಲ್ಲಿ ಸ್ವಿಸ್ ಪೇಟೆಂಟ್ ದೊರೆಯಿತು; ಫೋರ್ಟಿಸ್ ಕಂಪನಿ ತಯಾರಿಕೆಗೆ ಮುಂದಾಯಿತು. ಆದರೆ ಆರ್ಥಿಕ ಮಹಾಕುಸಿತದ ಹೊಡೆತಕ್ಕೆ 1931ರಲ್ಲಿ ಹಾರ್ವುಡ್ ಕಂಪನಿ ಮುಚ್ಚಿತು. ಅದೇ ವರ್ಷ ರೋಲೆಕ್ಸ್, ಪೂರ್ಣ ಸುತ್ತು ತಿರುಗುವ ತೂಕಕ್ಕೆ ಪೇಟೆಂಟ್ ಪಡೆದು ಮುನ್ನಡೆಯಿತು. ಹಾರ್ವುಡ್ 1964ರಲ್ಲಿ ನಿಧನರಾದರು. 1961ರಲ್ಲಿ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ ಕೂಡ ಮುಂದೆ ಸ್ವಯಂಚಾಲಿತ ಮಾದರಿಗಳನ್ನು ಹೊರತಂದಿತು.

ಹಾರ್ವುಡ್ ಯಂತ್ರದ ತೂಕ ಒಂದೇ ದಿಕ್ಕಿನ ಓಲಾಟದಲ್ಲಿ ಸ್ಪ್ರಿಂಗ್ ಸುತ್ತುತ್ತಿತ್ತು. ಇಂದಿಗೂ ಕೆಲವು ಯಂತ್ರಗಳು ಒಂದೇ ದಿಕ್ಕಿಗೆ, ಕೆಲವು ಎರಡೂ ದಿಕ್ಕಿಗೆ ಕೀಲಿ ಪಡೆಯುತ್ತವೆ. ಆದ್ದರಿಂದಲೇ, ಕೈಗೆ ಕಟ್ಟದ ದಿನಗಳಲ್ಲಿ ಗಡಿಯಾರವನ್ನು ತಿರುಗಿಸುವ ವೈಂಡರ್ ಪೆಟ್ಟಿಗೆಯ ದಿಕ್ಕು ಹಾಗೂ ದಿನದ ಸುತ್ತುಗಳನ್ನು ಯಂತ್ರದ ಮಾದರಿಗೆ ತಕ್ಕಂತೆ ಆರಿಸಬೇಕು. ಸಾಮಾನ್ಯವಾಗಿ 650ರಿಂದ 800 ಸುತ್ತು ಸಾಕು. ತಯಾರಕರ ಸೂಚನೆ ಲಭ್ಯವಿಲ್ಲದಿದ್ದರೆ ಎರಡೂ ದಿಕ್ಕಿಗೆ ಸೇರಿ 650ರಿಂದ ಆರಂಭಿಸಿ, ಗಡಿಯಾರ ನಿಂತರೆ ಮಾತ್ರ ಹೆಚ್ಚಿಸುವುದು ಕ್ಷೇಮ.