ಸಮುರಾಯಿಗಳ ನಾಡಿನಿಂದ ವಿಶ್ವೇಶ್ವರಯ್ಯನವರು ತಂದುದೇನು?

ಜಪಾನವೆಂದೊಡನೆ ನಮ್ಮ ಸುಶಿಕ್ಷಿತರ ಕಣ್ಣ ಮುಂದೆ ಕಟ್ಟುವುದು ಸೊಂಟದಲ್ಲಿ ಎರಡು ಕತ್ತಿಗಳನ್ನು ಸಿಕ್ಕಿಸಿಕೊಂಡ ಸಮುರಾಯಿಯ ಚಿತ್ರವು. ಚಿಕ್ಕದೊಂದು ದ್ವೀಪರಾಷ್ಟ್ರವು 1895ರಲ್ಲಿ ಚೀನವನ್ನೂ 1905ರಲ್ಲಿ ರಶಿಯವನ್ನೂ ಮಣಿಸಿದುದು ಆ ಕತ್ತಿಯ ಮಹಿಮೆಯಿಂದಲೇ ಎಂದು ನಂಬಿದವರು ಬಹಳ ಮಂದಿ. ಆದರೆ ಕನ್ನಡನಾಡಿನ ಮಹನೀಯರೊಬ್ಬರು ರಶಿಯದ ಯುದ್ಧಕ್ಕೆ ಆರು ವರ್ಷ ಮೊದಲೇ, 1898ರಲ್ಲಿ, ಆ ದೇಶಕ್ಕೆ ಹೋಗಿ ಅದರ ಏಳಿಗೆಯ ಮೂಲವನ್ನು ಹುಡುಕಿದರು. ಅವರ ಮನಸ್ಸನ್ನು ಸೆಳೆದದ್ದು ಕತ್ತಿಯಲ್ಲ, ಶಾಲೆ ಮತ್ತು ಕಾರಖಾನೆ. ಆ ಮಹನೀಯರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಚರಿತ್ರೆಯನ್ನು ಅರಿಯದ ಕನ್ನಡಿಗರು ವಿರಳ. ಆದರೂ ಅವರು ಜಪಾನದಲ್ಲಿ ಕಂಡುದೇನು, ಅಲ್ಲಿಂದ ತಂದುದೇನು, ಬಿಟ್ಟು ಬಂದುದೇನು ಎಂಬುದನ್ನು ವಿಚಾರಿಸಿದವರು ಕಡಿಮೆಯಾದುದರಿಂದ, ಆ ಭಾಗವನ್ನು ವಾಚಕರ ಮುಂದಿಡುವೆವು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ, ಆ ಆಶ್ರಯದಿಂದ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಸಾಯನ್ಸ್ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮರುವರ್ಷ ಮುಂಬಯಿ ಸರಕಾರದ ನೌಕರಿ ಸೇರಿದರು. ಸಿಂಧದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ನೀರನ್ನು ಒದಗಿಸಿದ ಕೆಲಸದಿಂದ ಅವರ ಹೆಸರು ಹೊರಬಿದ್ದಿತು. ಬಡತನದಿಂದ ವಿದ್ಯೆಯೊಂದನ್ನೇ ಹಿಡಿದು ಮೇಲೆ ಬಂದವರ ಕಣ್ಣಿಗೆ ಪರದೇಶದಲ್ಲಿಯೂ ಮೊದಲು ಬೀಳುವುದು ವಿದ್ಯೆಯ ಏರ್ಪಾಡೇ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಅವರು ಜಪಾನಕ್ಕೆ ಹೋದಾಗ ಅಲ್ಲಿ ಸಮುರಾಯಿಗಳೇ ಇರಲಿಲ್ಲವೆಂದರೆ ವಾಚಕರು ಬೆರಗಾಗಬಹುದು. ಸಮುರಾಯಿ ಎಂಬುದು ಶತಮಾನಗಳ ವರೆಗೆ ಹುಟ್ಟಿನಿಂದ ಬಂದ ಒಂದು ವರ್ಗವಾಗಿದ್ದಿತು. ಮನೆಮಂದಿಯನ್ನೆಲ್ಲ ಸೇರಿಸಿ ಎಣಿಸಿದರೆ ಅವರು ಜನಸಂಖ್ಯೆಯಲ್ಲಿ ನೂರಕ್ಕೆ ಐದಾರರಷ್ಟು. ಒಡೆಯನು ಅಕ್ಕಿಯ ಲೆಕ್ಕದಲ್ಲಿ ಕೊಡುತ್ತಿದ್ದ ವೇತನವೇ ಅವರ ಜೀವನಾಧಾರ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಲುವಷ್ಟು ಅಕ್ಕಿಗೆ ಒಂದು ಕೋಕು ಎಂದು ಹೆಸರು. ಇದು ನಮಗೆ ತೀರ ಅಪರಿಚಿತವಾದ ವಿಷಯವಲ್ಲ. ಒಡೆಯನ ಜೋಳವನ್ನುಂಡ ಋಣವನ್ನು ಪ್ರಾಣ ಕೊಟ್ಟು ತೀರಿಸುವುದಕ್ಕೆ ಹಳಗನ್ನಡದವರು ಜೋಳವಾಳಿ ಎಂದು ಕರೆದರು. ಹೊಯ್ಸಳ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನು ಮಡದಿಯೊಡನೆ ತಾನೂ ಪ್ರಾಣ ಬಿಟ್ಟುದನ್ನು ಹಳೇಬೀಡಿನ ಕಂಬದ ಶಾಸನವು ಇಂದಿಗೂ ಸಾರುತ್ತಿರುವುದು. ಜಪಾನದಲ್ಲಿಯೂ ಒಡೆಯನ ಹಿಂದೆ ಸಾಯುವ ಈ ಪದ್ಧತಿಯು ಇದ್ದಿತು. ಅಲ್ಲಿಯ ಸರಕಾರವೇ 1663ರಲ್ಲಿ ಅದನ್ನು ನಿಷೇಧಿಸಿತು.

ಇನ್ನೊಂದು ಸಂಗತಿಯುಂಟು. ಹದಿನೇಳನೆಯ ಶತಮಾನದ ನಡುವಿನಿಂದ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಜಪಾನದಲ್ಲಿ ದೊಡ್ಡ ಯುದ್ಧವೇ ನಡೆಯಲಿಲ್ಲ. ಆ ಅವಧಿಯ ಸಮುರಾಯಿಗಳಲ್ಲಿ ಬಹುಮಂದಿ ತಮ್ಮ ಕತ್ತಿಯನ್ನು ರಣರಂಗದಲ್ಲಿ ಒಮ್ಮೆಯೂ ಬೀಸದೆ, ಕಂದಾಯದ ಲೆಕ್ಕ ಬರೆಯುವ ಗುಮಾಸ್ತರಾಗಿಯೂ ಕಚೇರಿಯ ಕಾರಕೂನರಾಗಿಯೂ ಆಯುಷ್ಯ ಕಳೆದರು. ಕೆಳದರ್ಜೆಯವರ ವೇತನವು ಹೊಟ್ಟೆಗೆ ಸಾಲದೆ, ಅವರು ಮನೆಯಲ್ಲಿ ಗುಟ್ಟಾಗಿ ಕೊಡೆಗಳನ್ನು ಕಟ್ಟಿ ಮಾರಿಸುತ್ತಿದ್ದುದೂ ಉಂಟು. ಹೊಟ್ಟೆಗಿಲ್ಲದಿದ್ದರೂ ಸೊಂಟದ ಎರಡು ಕತ್ತಿಗಳು ಮಾತ್ರ ತಪ್ಪುತ್ತಿರಲಿಲ್ಲ. ಅವು ಆಯುಧವೆನ್ನುವುದಕ್ಕಿಂತ ಹುಟ್ಟಿನ ಗುರುತಾಗಿದ್ದವು.

ಅಮೇರಿಕದ ಯುದ್ಧನೌಕೆಗಳು 1853ರಲ್ಲಿ ಬಂದು ಬಾಗಿಲು ತಟ್ಟಿದ ಮೇಲೆ ಜಪಾನಕ್ಕೆ ಎಚ್ಚರವಾಯಿತು. 1868ರಲ್ಲಿ ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರಕಾರವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಸ್ವತಃ ಸಮುರಾಯಿಗಳೇ. ಅವರು ಮಾಡಿದುದೇನು? ತಾವು ಹುಟ್ಟಿದ ವರ್ಗವನ್ನೇ ತಮ್ಮ ಕೈಯಿಂದ ಮುಗಿಸಿದರು. 1871ರಲ್ಲಿ ಪಾಳೆಯಪಟ್ಟುಗಳು ಹೋದವು. ಹೊಲೆಮೈಲಿಗೆಯೆಂದು ದೂರವಿಟ್ಟಿದ್ದ ಜನರು ಕಾಯದೆಯ ದೃಷ್ಟಿಯಲ್ಲಿ ಉಳಿದವರಿಗೆ ಸಮಾನರಾದರು. 1873ರಲ್ಲಿ ರೈತನ ಮಗನಿಗೂ ಸೈನ್ಯದ ಸೇವೆ ಕಡ್ಡಾಯವಾಯಿತು. ಸರಕಾರದ ಆದಾಯದಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ನುಂಗುತ್ತಿದ್ದ ಸಮುರಾಯಿಗಳ ವೇತನವನ್ನು 1876ರಲ್ಲಿ ಸಾಲಪತ್ರಗಳಾಗಿ ಮಾರ್ಪಡಿಸಿ ನಿಲ್ಲಿಸಿದರು. ಅದೇ ವರ್ಷ ಬೀದಿಯಲ್ಲಿ ಕತ್ತಿ ಧರಿಸುವುದನ್ನೂ ನಿಷೇಧಿಸಿದರು.

ಇದೆಲ್ಲವೂ ಶಾಂತಿಯಿಂದ ನಡೆಯಿತೆಂದು ವಾಚಕರು ತಿಳಿಯಬಾರದು. 1877ರಲ್ಲಿ ಸೈಗೋ ತಕಾಮೋರಿಯೆಂಬ ಮಹಾವೀರನ ಮುಂದಾಳುತನದಲ್ಲಿ ಸತ್ಸುಮಾ ಪ್ರಾಂತದ ಸಮುರಾಯಿಗಳು ದಂಗೆಯೆದ್ದರು. ಅವರನ್ನು ಸೋಲಿಸಿದ ಸೈನ್ಯದಲ್ಲಿ ಎಷ್ಟೋ ಮಂದಿ ಕೆಲವೇ ವರ್ಷಗಳ ಹಿಂದೆ ಗದ್ದೆಯಲ್ಲಿ ನೇಗಿಲು ಹಿಡಿದಿದ್ದವರು. ಕತ್ತಿಯು ಒಂದು ವರ್ಗದ ಸೊತ್ತಲ್ಲವೆಂಬುದು ಅಂದಿಗೆ ಸಿದ್ಧವಾಯಿತು. ವೇತನ ತಪ್ಪಿದ ಸಮುರಾಯಿಗಳಲ್ಲಿ ಹಲವರು ಶಾಲಾಮಾಸ್ತರರಾದರು, ಪೋಲೀಸರಾದರು, ವ್ಯಾಪಾರಿಗಳಾದರು. 1872ರಲ್ಲಿ ಸರಕಾರವು ತೋಮಿಯೋಕದಲ್ಲಿ ತೆರೆದ ರೇಷ್ಮೆಯ ಕಾರಖಾನೆಯಲ್ಲಿ ನೂಲು ತೆಗೆಯಲು ಮೊದಲು ಬಂದ ಹುಡುಗಿಯರಲ್ಲಿ ಎಷ್ಟೋ ಮಂದಿ ಸಮುರಾಯಿ ಮನೆತನದ ಹೆಣ್ಣುಮಕ್ಕಳು. ಮೈಗೆಲಸವನ್ನು ಕೀಳೆಂದೆಣಿಸಿದ ಮನೆಗಳ ಕನ್ಯೆಯರು ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ಗೂಡಿನ ಎಳೆ ಬಿಡಿಸಿದರೆಂಬುದು ನಮಗೆ ಕತ್ತಿಯ ಕಥೆಗಿಂತ ದೊಡ್ಡ ಪರಾಕ್ರಮವಾಗಿ ಕಾಣುತ್ತದೆ.

ಇಂಥ ದೇಶವನ್ನು ವಿಶ್ವೇಶ್ವರಯ್ಯನವರು ಕಂಡರು. 1872ರಲ್ಲಿಯೇ ಜಪಾನವು ಗಂಡುಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಶಾಲೆಯೆಂಬ ಕಾಯದೆ ಮಾಡಿತ್ತು. 1900ರಲ್ಲಿ ಪ್ರಾಥಮಿಕ ಶಾಲೆಯ ಫೀಯನ್ನೂ ತೆಗೆಯಿತು. 1910ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಶಾಲೆಯ ಪಟ್ಟಿಯಲ್ಲಿದ್ದರು. ಸರಕಾರವು ಮೊದಲು ತಾನೇ ಕಾರಖಾನೆ ತೆರೆದು ದಾರಿ ತೋರಿಸುವುದು, ಅದು ನೆಲೆನಿಂತ ಮೇಲೆ ಪ್ರಜೆಗಳ ಕೈಗೆ ಒಪ್ಪಿಸುವುದು, ಇದು ಅಲ್ಲಿಯ ಕ್ರಮ. ತೋಮಿಯೋಕದ ಕಾರಖಾನೆಯು 1893ರಲ್ಲಿ ಹೀಗೆಯೇ ಖಾಸಗಿಯವರಿಗೆ ಮಾರಾಟವಾಯಿತು.

ಅವರು 1908ರಲ್ಲಿ ಮುಂಬಯಿಯ ನೌಕರಿಯನ್ನು ಬಿಟ್ಟರು. ಅದೇ ವರ್ಷದ ಸಪ್ಟಂಬರದಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದ ನಗರವನ್ನು ಹಾಳುಮಾಡಿತು. ನಿಜಾಮ ಸರಕಾರದ ಕರೆಯ ಮೇರೆಗೆ ಅವರು 1909ರಲ್ಲಿ ಬಂದು, ಮುಂದೆ ಉಸ್ಮಾನಸಾಗರ, ಹಿಮಾಯತಸಾಗರಗಳಾಗಿ ನಿಂತ ಜಲಾಶಯಗಳ ಯೋಜನೆಯನ್ನು ಹಾಕಿಕೊಟ್ಟರು. ನಮ್ಮ ಕಲಬುರಗಿಯು ಆಗ ಅದೇ ಸಂಸ್ಥಾನದ ಆಳಿಕೆಯಲ್ಲಿದ್ದುದನ್ನು ಹೇಳಬೇಕಾಗಿಲ್ಲ. ಆ ವರ್ಷದ ಕೊನೆಗೆ ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾಯಿತು. 1912ರಲ್ಲಿ ಅವರು ದಿವಾನರಾದರು.

ದಿವಾನಗಿರಿಯ ಆರು ವರ್ಷಗಳಲ್ಲಿ ಜಪಾನದ ಪಾಠವು ಎದ್ದು ಕಾಣುವುದು. 1913ರಲ್ಲಿ ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯದೆಯಾಯಿತು. ಸುಮಾರು 4,500 ಇದ್ದ ಶಾಲೆಗಳು 10,500ರ ವರೆಗೆ ಏರಿದವು. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವೂ ಗಂಧದೆಣ್ಣೆಯ ಕಾರಖಾನೆಯೂ 1916ರಲ್ಲಿ ಹುಟ್ಟಿದವು. ಬಂದೂಕಿನ ಕಾರಖಾನೆಯೊಂದನ್ನೂ ಅವರು ಬಯಸಲಿಲ್ಲ. ಬಯಸಿದುದು ಓದುಬರಹ ಬಲ್ಲ ರೈತನನ್ನು, ಕೈಕಸುಬು ಬಲ್ಲ ವಿದ್ಯಾವಂತನನ್ನು.

ಆದರೆ ಸತ್ಯವನ್ನು ಪೂರ್ಣವಾಗಿ ಹೇಳುವುದು ಚರಿತ್ರೆ ಬರೆಯುವವರ ಕರ್ತವ್ಯ. ಮೈಸೂರಿನ ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿರುವರೆಂದು ಉಳಿದ ಜನಾಂಗಗಳವರು ದೂರಿದಾಗ, ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಹುದ್ದೆಗೆ ಅಳತೆಗೋಲಾಗಬೇಕು, ಶಿಕ್ಷಣ ಹರಡಿದಂತೆ ಎಲ್ಲರೂ ತಾವಾಗಿಯೇ ಮೇಲೆ ಬರುವರು ಎಂಬುದು ದಿವಾನರ ದೃಢವಾದ ಮತ. ಅವರು ಅಧಿಕಾರವನ್ನು ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವನ್ನೂ ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲನ್ನೂ ಬ್ರಾಹ್ಮಣೇತರರಿಗೆ ಕೊಡಬೇಕೆಂದು ಸಮಿತಿಯು 1919ರಲ್ಲಿ ಸಲಹೆ ಕೊಟ್ಟಿತು.

ಅವರ ನಿಸ್ಪೃಹತೆಯನ್ನು ಶಂಕಿಸುವವರಲ್ಲಿ ನಾವಿಲ್ಲ. ಆದರೂ ಜಪಾನದ ಪಾಠಕ್ಕೆ ಎರಡು ಮುಖಗಳಿದ್ದವೆಂಬುದನ್ನು ಮರೆಯಲಾಗದು. ಎಲ್ಲರಿಗೂ ಶಾಲೆ ಎಂಬುದು ಒಂದು. ಹುಟ್ಟಿನಿಂದ ಬಂದ ಮೇಲ್ಮೆಯನ್ನು ಮೇಲಿದ್ದವರೇ ಕೈಬಿಡುವುದೆಂಬುದು ಇನ್ನೊಂದು. ಶಾಲೆ ಹರಡುವ ವರೆಗೆ ಕಾದಿದ್ದರೆ ಅಲ್ಲಿಯ ಸಮುರಾಯಿಯ ವೇತನವು ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ! ಮೊದಲನೆಯದನ್ನು ವಿಶ್ವೇಶ್ವರಯ್ಯನವರು ಸಂಪೂರ್ಣವಾಗಿ ತಂದರು. ಎರಡನೆಯದು ಹಡಗಿನಲ್ಲಿಯೇ ಉಳಿಯಿತು. ಇದು ಅವರೊಬ್ಬರ ದೋಷವಲ್ಲ, ಅವರ ಕಾಲದ ಸುಶಿಕ್ಷಿತರಲ್ಲಿ ಅನೇಕರ ದೃಷ್ಟಿಯೇ ಅಷ್ಟರದು.

ದಿವಾನಗಿರಿಯ ನಂತರ ಅವರು ಮತ್ತೊಮ್ಮೆ ಜಪಾನವನ್ನು ನೋಡಿ ಬಂದು, 1920ರಲ್ಲಿ ಭಾರತದ ಪುನರ್ರಚನೆಯನ್ನು ಕುರಿತು ಗ್ರಂಥ ಬರೆದರು. ಭದ್ರಾವತಿಯ ಕಬ್ಬಿಣದ ಕಾರಖಾನೆಯನ್ನು ನಷ್ಟದಿಂದೆತ್ತಿದರು. 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಗ್ರಂಥವನ್ನು ಪ್ರಕಟಿಸಿದರು. ಅತ್ತ ಜಪಾನವು ತಾನು ಕೆಳಗಿಟ್ಟ ಕತ್ತಿಯನ್ನು ಮತ್ತೆ ಎತ್ತಿಕೊಂಡಿತು. ಸಮುರಾಯಿಯ ಧರ್ಮವೆಂದು ಜಗತ್ತು ಬಲ್ಲ ಬುಶಿದೋ ತತ್ತ್ವವನ್ನು ಲೋಕಪ್ರಸಿದ್ಧ ಮಾಡಿದ ಪುಸ್ತಕವು ಸಮುರಾಯಿಗಳ ಕಾಲದ್ದಲ್ಲ. ನಿತೋಬೆ ಇನಾಜೋ ಎಂಬ ಕೃಷಿಶಾಸ್ತ್ರಜ್ಞರು ಇಂಗ್ಲಿಷಿನಲ್ಲಿ ಬರೆದು 1900ರ ಸುಮಾರಿಗೆ ಅಮೇರಿಕದಲ್ಲಿ ಅಚ್ಚು ಹಾಕಿಸಿದುದು ಅದು. ಮುಂದೆ ಸೈನ್ಯಾಧಿಪತಿಗಳು ಆ ಹೆಸರನ್ನು ರೈತರ, ಕೂಲಿಗಳ ಮಕ್ಕಳಿಗೆ ಸಾವಿನ ಮಂತ್ರವಾಗಿ ಬೋಧಿಸಿದರು. ಅದರ ಫಲವನ್ನು ಚೀನದವರೂ ಕೊರಿಯದವರೂ ಉಂಡರು. 1945ರಲ್ಲಿ ಹಿರೋಶಿಮಾ ನಾಗಸಾಕಿಗಳಲ್ಲಿ ಜಪಾನದ ಪ್ರಜೆಗಳೂ ಉಂಡರು. ಮಣ್ಣುಗೂಡಿದ ಆ ನಾಡನ್ನು ಮತ್ತೆ ಎಬ್ಬಿಸಿದುದು ಶಾಲೆ ಮತ್ತು ಕಾರಖಾನೆಗಳೇ. 1955ರಲ್ಲಿ ಭಾರತರತ್ನ ಪದವಿಯನ್ನು ಪಡೆದು, ನೂರು ವರ್ಷ ತುಂಬಿ, 1962ರ ಏಪ್ರಿಲಿನಲ್ಲಿ ಕಣ್ಣು ಮುಚ್ಚಿದ ವಿಶ್ವೇಶ್ವರಯ್ಯನವರು ಈ ಬೀಳುಏಳುಗಳೆರಡನ್ನೂ ಕಂಡೇ ಹೋದರು.

ಕೊನೆಗೆ ನಮ್ಮ ಭಾಗದ ಮಾತು. ಹೈದರಾಬಾದ ಸಂಸ್ಥಾನವೂ 1922ರಲ್ಲಿ ತನ್ನ ವಿದ್ಯಾಧಿಕಾರಿ ರಾಸ್ ಮಸೂದರನ್ನು ಜಪಾನಕ್ಕೆ ಕಳುಹಿಸಿ, ಅಲ್ಲಿಯ ಶಿಕ್ಷಣದ ಮೇಲೆ ದೊಡ್ಡ ವರದಿಯನ್ನು ಬರೆಯಿಸಿತು. ಜಪಾನವು ಪಾಶ್ಚಾತ್ಯ ವಿದ್ಯೆಯನ್ನೆಲ್ಲ ತನ್ನ ಜನರ ಭಾಷೆಯಲ್ಲಿಯೇ ಕಲಿಸಿತು. ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಲ್ಲಿ ಉಚ್ಚ ಶಿಕ್ಷಣ ಕೊಡಬೇಕೆಂದು 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವನ್ನು ಕಟ್ಟಿದ ಸಂಸ್ಥಾನಕ್ಕೆ ಇದು ಮೆಚ್ಚಿಗೆಯಾದುದು ಸಹಜವೇ. ಆದರೆ ಆ ದೇಶಭಾಷೆಯು ಉರ್ದು ಒಂದೇ ಆಯಿತು. ಕಲಬುರಗಿಯ ಕನ್ನಡದ ಕೂಸಿಗೂ ತೆಲಂಗಾಣದ ತೆಲುಗು ಕೂಸಿಗೂ ಮರಾಠವಾಡದ ಮರಾಠಿ ಕೂಸಿಗೂ ಅದು ಇನ್ನೊಂದು ಪರಭಾಷೆಯೇ. ಇಲ್ಲಿಯೂ ಜಪಾನದ ಪಾಠದ ಅರ್ಧವು ದಾರಿಯಲ್ಲಿಯೇ ಉಳಿಯಿತು.

ಅರ್ಧ ಪಾಠದ ಬೆಲೆಯನ್ನು ನಾವು ಇನ್ನೂ ತೆರುತ್ತಿದ್ದೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಕ್ಷರಸ್ಥರು ನೂರಕ್ಕೆ 75ರಷ್ಟಿದ್ದರೆ ಕಲಬುರಗಿ ಜಿಲ್ಲೆಯವರು 65ರಷ್ಟು. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ 55ರಷ್ಟು ಮಾತ್ರ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗದವರಿಗೆ ವಿದ್ಯಾಲಯಗಳಲ್ಲಿಯೂ ಹುದ್ದೆಗಳಲ್ಲಿಯೂ ಪಾಲನ್ನು ಕೊಟ್ಟಿತು. ಮೇಲಿನ ಬಾಗಿಲು ತೆರೆದುದು ಒಳ್ಳೆಯದೇ. ಆದರೆ ಆ ಬಾಗಿಲಿನ ವರೆಗೆ ನಡೆದು ಬರಬೇಕಾದ ಕೂಸು ಹಳ್ಳಿಯ ಶಾಲೆಯನ್ನೇ ನಡುವೆ ಬಿಟ್ಟರೆ ಪಾಲು ಯಾರದು? ಕಲಿತವರು, ಅಧಿಕಾರದಲ್ಲಿರುವವರು, ಈ ಪತ್ರಿಕೆಯನ್ನು ಓದಬಲ್ಲವರು ಇಂದಿನ ಸಮುರಾಯಿಗಳು. ತಮ್ಮ ಮಕ್ಕಳ ಶಾಲೆಗೆ ತೋರುವ ಕಾಳಜಿಯನ್ನು ಹೊಲದ ಕೂಲಿಯ ಮಗಳ ಶಾಲೆಗೂ ತೋರುವ ದಿನ ಅವರು ತಮ್ಮ ಕತ್ತಿಯನ್ನು ಕೆಳಗಿಟ್ಟಂತಾಗುವುದು. ಅಂದು ವಿಶ್ವೇಶ್ವರಯ್ಯನವರ ಜಪಾನ ಯಾತ್ರೆಯು ಪೂರ್ತಿಯಾಯಿತೆಂದು ನಾವು ತಿಳಿಯುವೆವು.