ಬಸವಣ್ಣನವರ ಜೀವನಚರಿತ್ರೆ ಮತ್ತು ರೂಪಕದ ಪ್ರಶ್ನೆ

ಬಸವಣ್ಣನವರ ಚರಿತ್ರೆಯನ್ನು ಕಟ್ಟಲು ದೊರೆಯುವ ಆಕರಗಳು ಮುಖ್ಯವಾಗಿ ಮೂರು ಬಗೆಯವು: ಶಾಸನಗಳು, ರಗಳೆ-ಪುರಾಣಗಳು ಮತ್ತು ಅವರವೇ ವಚನಗಳು. ಶಾಸನಗಳು ತೀರ ವಿರಳ. ರಗಳೆ-ಪುರಾಣಗಳು ಭಕ್ತಿಯ ಕಣ್ಣಿನಿಂದ ರಚಿತವಾದವು. ವಚನಗಳು ಅವರದೇ ಮಾತು, ನಿಜ. ಆದರೆ ಅದು ಅಲಂಕಾರದ ಮಾತು. ಈ ಕೊನೆಯ ಆಕರವನ್ನು ಓದುವ ಕ್ರಮ ಸ್ಪಷ್ಟವಾಗದೆ ಅವರ ಹುಟ್ಟಿನ ಕುರಿತ ಚರ್ಚೆ ಮುಂದೆ ಸಾಗಲಾರದು. 2007ರಲ್ಲಿ ಬಂಜಗೆರೆ ಜಯಪ್ರಕಾಶ ಅವರ ಕೃತಿಯೊಂದು ಬಸವಣ್ಣನವರ ಬ್ರಾಹ್ಮಣ ಮೂಲವನ್ನು ಪ್ರಶ್ನಿಸಿ ಮಾದಿಗ ಮೂಲವನ್ನು ಪ್ರತಿಪಾದಿಸಿದಾಗ ನಾಡಿನಲ್ಲಿ ದೊಡ್ಡ ವಿವಾದವೇ ಎದ್ದಿತು. ಆವೇಶದ ನಡುವೆ ಹಿಂದೆ ಸರಿದ ಪ್ರಶ್ನೆ ಅಲಂಕಾರಶಾಸ್ತ್ರದ್ದು: ವಚನದ ಉತ್ತಮಪುರುಷ ವಾಕ್ಯವನ್ನು ದಾಖಲೆಯೆಂದು ಸ್ವೀಕರಿಸಬಹುದೇ?

ಬಸವಣ್ಣನವರ ಜನ್ಮಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ 1131ರ ಆಸುಪಾಸಿನಲ್ಲಿ ಇಡುತ್ತಾರೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನವು ಅವರನ್ನು ತರ್ದವಾಡಿ ನಾಡಿನ ಬಾಗೇವಾಡಿಯ ಒಡೆಯನಾದ ಮಾದಿರಾಜನ ಮಗನೆಂದು ಗುರುತಿಸುತ್ತದೆ. ಪುರಾಣಗಳು ಹೆಸರಿಸುವ ಮಾದರಸನೇ ಈ ಮಾದಿರಾಜ. ತರ್ದವಾಡಿ ಎಂದರೆ ಇಂದಿನ ತದ್ದೇವಾಡಿ. ಒಂದು ಕಾಲಕ್ಕೆ ದೊಡ್ಡ ಆಡಳಿತ ವಿಭಾಗಕ್ಕೆ ಹೆಸರು ಕೊಟ್ಟ ಈ ಊರು ಇಂದು ಭೀಮಾ ತೀರದ ಒಂದು ಹಳ್ಳಿಯಷ್ಟೆ. ತಾಯಿ ಮಾದಲಾಂಬೆ, ಬಾಗೇವಾಡಿಗೆ ಸಮೀಪದ ಇಂಗಳೇಶ್ವರವನ್ನು ಆಕೆಯ ತವರೆಂದು ಪರಂಪರೆ ನಂಬಿದೆ. ಶಾಸನವು ಬಸವಣ್ಣನವರ ಕಾಲಕ್ಕಿಂತ ಸುಮಾರು ಒಂದು ಶತಮಾನ ಈಚಿನದಾದರೂ ಪುರಾಣಗಳಿಂದ ಸ್ವತಂತ್ರವಾಗಿ ಊರನ್ನೂ ತಂದೆಯನ್ನೂ ಹೆಸರಿಸುವ ಆಕರವೆಂಬುದನ್ನು ಮರೆಯುವಂತಿಲ್ಲ.

ಹರಿಹರನ ರಗಳೆಯಲ್ಲಿ ಬಸವಣ್ಣನವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಬೆಳೆದ ಮೇಲೆ ಜನಿವಾರವನ್ನು ಕಿತ್ತೊಗೆದು ಕೂಡಲಸಂಗಮದ ದಾರಿ ಹಿಡಿಯುತ್ತಾರೆ. 1369ರಲ್ಲಿ ಬಸವಪುರಾಣವನ್ನು ಬರೆದ ಭೀಮಕವಿ ಈ ಪ್ರಸಂಗವನ್ನು ಉಪನಯನದ ನಿರಾಕರಣೆಯಾಗಿ ಬೆಳೆಸುತ್ತಾನೆ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದಲ್ಲಿ ಅಧ್ಯಯನ ಮುಗಿಸಿದ ತರುಣ ಮುಂದೆ ಮಂಗಳವೇಢೆಯಲ್ಲಿ ಕಲಚುರಿ ಬಿಜ್ಜಳನ ಆಡಳಿತದೊಳಗೆ ಲೆಕ್ಕಪತ್ರದ ಜಾಣ್ಮೆಯಿಂದಲೇ ಪ್ರವೇಶ ಪಡೆದನೆಂಬುದು ಹರಿಹರನ ನಿರೂಪಣೆ. ಅನಂತರ ಭಂಡಾರದ ಹೊಣೆ ಅವರದಾಯಿತು.

ಈ ಭಂಡಾರಿಯ ವಚನವೊಂದು ಮರ್ತ್ಯಲೋಕವನ್ನು ಸೃಷ್ಟಿಕರ್ತನ ಕಮ್ಮಟವಾಗಿ, ಅಂದರೆ ನಾಣ್ಯ ಅಚ್ಚುಹಾಕುವ ಶಾಲೆಯಾಗಿ ಕಾಣುತ್ತದೆ. ಇಲ್ಲಿ ಚಲಾವಣೆಯಾಗುವ ನಾಣ್ಯವೇ ಪರದಲ್ಲಿಯೂ ಚಲಾವಣೆಗೆ ಯೋಗ್ಯ ಎಂಬುದು ಅದರ ತಾತ್ಪರ್ಯ. ಇಹವನ್ನು ಕೀಳೆಂದು ಬಗೆಯುವ ವೈರಾಗ್ಯಕ್ಕೆ ಇಷ್ಟು ಅಡಕವಾದ ಉತ್ತರ ಬೇರೆ ದೊರೆಯದು. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ತನ್ನ ಮೂರನೆಯ ಪರಿಚ್ಛೇದದಲ್ಲಿ ಅರ್ಥಾಲಂಕಾರಗಳನ್ನು ವಿಂಗಡಿಸಿಟ್ಟಿತ್ತು. ಬಸವಣ್ಣನವರಲ್ಲಿಯೂ ಚಕೋರ-ಚಂದ್ರ, ಕಮಲ-ಸೂರ್ಯರಂಥ ಕವಿಸಮಯಗಳು ಬರುತ್ತವೆ. ದೇಹವನ್ನು ವೀಣೆಯಾಗಿಸಿ ಅಂಗಾಂಗಗಳನ್ನು ಹೊಂದಿಸುವ ಸಾವಯವ ರೂಪಕವಿದೆ. ನಲ್ನುಡಿಗೆ ಮುತ್ತು ಮಾಣಿಕ್ಯ ಸ್ಫಟಿಕಗಳನ್ನು ಸಾಲಾಗಿ ತರುವ ಮಾಲೋಪಮೆಯೂ ಇದೆ. ಆದರೆ ಅವರ ಉಪಮಾನಗಳ ಬಲ ಇರುವುದು ಬೇರೆಡೆ. ಕೆಸರಿನಲ್ಲಿ ಸಿಕ್ಕ ಹಸು, ಬಲಿಗೆಂದು ತಂದರೂ ತೋರಣದ ಚಿಗುರು ಮೇಯುವ ಹರಕೆಯ ಕುರಿ, ಒಂದಗುಳು ಕಂಡರೆ ಬಳಗವನ್ನು ಕೂಗುವ ಕಾಗೆ, ಇವು ಶಾಸ್ತ್ರದ ಪಟ್ಟಿಯಿಂದ ಬಂದವಲ್ಲ. ಸಿಂದಗಿ, ಬಾಗೇವಾಡಿ ಕಡೆಯ ಎರೆನೆಲದ ಮಳೆಗಾಲವನ್ನು ಬಲ್ಲ ಓದುಗನಿಗೆ ಕೆಸರಿನ ಹಸುವಿಗೆ ಟಿಪ್ಪಣಿ ಬೇಡ. ಅಲ್ಲಮನ ಬೆಡಗು ಅರ್ಥವನ್ನು ಮರೆಮಾಡಿ ಕೇಳುಗನನ್ನು ತಡೆದು ನಿಲ್ಲಿಸಿದರೆ, ಬಸವಣ್ಣನವರ ದೃಷ್ಟಾಂತ ಅವನನ್ನು ಒಳಗೆ ಕರೆಯುತ್ತದೆ.

ಉಪಮಾನವು ಕವಿ ಬಲ್ಲ ಲೋಕಕ್ಕೆ ಸಾಕ್ಷಿಯಾಗಬಲ್ಲದು. ಕಮ್ಮಟದ ವಚನ ಬರೆದವನಿಗೆ ನಾಣ್ಯದ ವ್ಯವಹಾರ ಗೊತ್ತಿತ್ತೆಂದು ಊಹಿಸುವುದು ತಪ್ಪಾಗದು. ಆದರೆ ಅಭೇದವನ್ನು ಸಾರುವ ರೂಪಕ ಹುಟ್ಟಿಗೆ ಸಾಕ್ಷಿಯಾಗುತ್ತದೆಯೆ? ಒಂದು ವಚನದಲ್ಲಿ ಬಸವಣ್ಣನವರು ಮಾದಾರ ಚೆನ್ನಯ್ಯನನ್ನೇ ತಂದೆಯೆನ್ನುತ್ತಾರೆ, ಡೋಹರ ಕಕ್ಕಯ್ಯನನ್ನೂ ಹಿರಿಯ ಬಂಧುವಾಗಿ ಎಣಿಸುತ್ತಾರೆ. ಇನ್ನೊಂದರಲ್ಲಿ ತಾವು ಚೆನ್ನಯ್ಯನ ಮನೆಯ ಆಳಿನ ಮಗನಿಗೂ ಕಕ್ಕಯ್ಯನ ಮನೆಯ ತೊತ್ತಿನ ಮಗಳಿಗೂ ಹುಟ್ಟಿದ ಮಗನೆನ್ನುತ್ತಾರೆ. ವಾಚ್ಯಾರ್ಥವನ್ನೇ ಹಿಡಿದರೆ ಒಂದು ವಚನ ಇನ್ನೊಂದನ್ನು ಸುಳ್ಳಾಗಿಸುತ್ತದೆ: ಚೆನ್ನಯ್ಯನೇ ತಂದೆಯೋ, ಅವನ ಮನೆಯಾಳಿನ ಮಗನೋ? ಮೇಲಾಗಿ ಪರಂಪರೆಯು ಚೆನ್ನಯ್ಯನನ್ನು ಬಸವಣ್ಣನವರಿಗಿಂತ ಹಿಂದಿನ ಕಾಲದ ಶರಣನೆಂದು ಹೇಳುತ್ತದೆ. ರೂಪಕವೆಂದು ಓದಿದಾಗ ಮಾತ್ರ ಎರಡೂ ಒಂದೇ ದಿಕ್ಕಿಗೆ ನಡೆಯುತ್ತವೆ.

ಹಾಗೆಂದು ಇದು ಬರಿಯ ಅಲಂಕಾರ, ವಿನಯದ ಮಾತು ಎಂದು ತಳ್ಳಿಹಾಕುವವರ ಓದೂ ಅಷ್ಟೇ ದೋಷಪೂರಿತ. ತಂದೆಯ ಕುಲವೇ ಮಗನ ಸ್ಥಾನವನ್ನು ನಿರ್ಧರಿಸುತ್ತಿದ್ದ ಸಮಾಜದಲ್ಲಿ ಒಡೆಯನ ಮಗನೊಬ್ಬ ಅಸ್ಪೃಶ್ಯನನ್ನು ತಂದೆಯಾಗಿ ಆರಿಸಿಕೊಳ್ಳುವುದೆಂದರೆ ಪಡೆದ ಅಧಿಕಾರವನ್ನು ಬಹಿರಂಗವಾಗಿ ಬಿಟ್ಟುಕೊಟ್ಟಂತೆ. ಹುಟ್ಟಿನಿಂದಲೇ ಮಾದಿಗನಾಗಿದ್ದರೆ ಆ ಮಾತು ಸರಳ ನಿವೇದನೆಯಾಗುತ್ತಿತ್ತು. ರೂಪಕಕ್ಕೆ ಬೇಕಾದ ದೂರವೇ ಅಲ್ಲಿ ಇರುತ್ತಿರಲಿಲ್ಲ.

ಕಲ್ಯಾಣದಲ್ಲಿ ಆ ದೂರ ಅಳಿಸಿಹೋಯಿತು. ಬಿಜ್ಜಳನು ಚಾಲುಕ್ಯರ ಅಧಿಕಾರ ಕಸಿದು ಅಲ್ಲಿ ನೆಲೆನಿಂತ ಮೇಲೆ ಬಸವಣ್ಣನವರ ಸುತ್ತ ಅಲ್ಲಮ, ಚೆನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರಲ್ಲದೆ ನಾನಾ ಕಾಯಕಗಳ ಶರಣರು ಸೇರಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಂಬಂಧ ಬೆಳೆದಾಗ, ವಚನದಲ್ಲಿ ರೂಪಕವಾಗಿದ್ದ ಬಂಧುತ್ವ ಮನೆಯೊಳಗಿನ ನಂಟಾಯಿತು. ಮಾತಿನ ಮಟ್ಟದಲ್ಲಿ ಇದ್ದಷ್ಟು ದಿನ ಸಹಿಸಿದ್ದ ಪ್ರಭುತ್ವ ಇದನ್ನು ಸಹಿಸಲಿಲ್ಲ. ಹರಳಯ್ಯ ಮಧುವರಸರು ಕ್ರೂರ ಶಿಕ್ಷೆಗೆ ಗುರಿಯಾದರೆಂದು ಪುರಾಣಗಳು ಹೇಳುತ್ತವೆ. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರಲ್ಲಿ. ಶರಣರು ಚದುರಿದರು. ಬಸವಣ್ಣನವರು ಓದಿ ಬೆಳೆದ ಸಂಗಮಕ್ಕೆ ಮರಳಿ ಅಲ್ಲಿಯೇ ಐಕ್ಯರಾದರು. ಅವರನ್ನು ಕಾಣಲು ಕಲ್ಯಾಣದಿಂದ ಹೊರಟ ಮಡದಿ ನೀಲಾಂಬಿಕೆ ಸಂಗಮವನ್ನು ಮುಟ್ಟಲಿಲ್ಲ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ಈಚೆಯ ದಂಡೆಯಲ್ಲಿ, ಆಕೆಯ ಗದ್ದುಗೆ ಇದೆ.